ತೆಗೆಯದೆ ಉಳಿದ ತಲೆಯ ಫೋಟೋ

ಸತ್ತವರ ದೇಹದ ಮಾತನ್ನು ಇದ್ದವರ ಮುಂದೆ ಆಡುವುದು ನಮ್ಮಲ್ಲಿ ರೂಢಿಯಲ್ಲ. ಅದಕ್ಕೆ ಮೊದಲೇ ಕ್ಷಮೆ ಕೇಳಬೇಕು. ರಾತ್ರಿ ಶಾಲೆಯಷ್ಟೇ ಓದಿದ ನನ್ನಂಥವರು ವೈದ್ಯರ ವಿಷಯ ಬರೆಯಬಹುದೇ ಎಂಬ ಅಳುಕೂ ಇದೆ. ಆದರೂ ಖಾನಾಪುರದ ಅಕ್ಕಾತಾಯಿಯ ಸಂಕಟ ಇನ್ನೊಂದು ಮನೆಗೆ ಬಾರದಿರಲಿ ಎಂದು ಹೇಳಬೇಕಾಗಿದೆ. ತಪ್ಪಿದ್ದರೆ ತಿಳಿದವರು ತಿದ್ದಬೇಕು.

ಅಕ್ಕಾತಾಯಿಯ ಮಗ ಭೂಪಾಲ ಖಾನಾಪುರದಲ್ಲಿ ಕಟ್ಟಿಗೆಯ ವ್ಯಾಪಾರ ಮಾಡುತ್ತಿದ್ದ. ೧೯೨೮ರ ಬೇಸಿಗೆಯಲ್ಲಿ ಬಂಡಿಯಿಂದ ಉರುಳಿದ ತೊಲೆಯೊಂದು ಅವನ ಕುತ್ತಿಗೆಯ ಎಡಕ್ಕೆ ಬಡಿಯಿತು. ಬಾವು ಇಳಿಯಿತು, ಗಂಟೊಂದು ಉಳಿಯಿತು. ಬೆರಳಿಟ್ಟರೆ ಅದು ನಾಡಿಯಂತೆ ಮಿಡಿಯುತ್ತಿತ್ತು. ಸೊಪ್ಪಿನ ಲೇಪ ಹಾಕಿದರು, ಶಾಖ ಕೊಟ್ಟರು. ಗಂಟು ಬೆಳೆಯುತ್ತಲೇ ಹೋಯಿತು.

ಬೆಳಗಾವಿಯ ಅನಗೋಳದಿಂದ ಕಟ್ಟಿಗೆ ಕೊಳ್ಳಲು ಬರುತ್ತಿದ್ದ ತಮ್ಮಣ್ಣ ಅದನ್ನು ನೋಡಿ, ತನ್ನ ಕುತ್ತಿಗೆಯ ಮೇಲಿನ ಹೊಲಿಗೆಯ ಗುರುತು ತೋರಿಸಿದ.

“ನಂದೂ ಇಂಥಾದ ಇತ್ತು ನೋಡ್ರಿ ಅಕ್ಕಾರ. ಬೆಳಗಾವಿ ಡಾಕ್ಟರ್ ಸಾಹೇಬರು ರಕ್ತದ ನಾಳ ಕಟ್ಟಿದ್ರು. ಈಗ ಜ್ವಾಳದ ಚೀಲ ಹೊರತೀನಿ.”

“ನೀ ಹೊರತಿಯೋ, ನಿನ್ನ ಹೆಂಡತಿ ಹೊರತಾಳೋ?” ಎಂದಳು ಅಕ್ಕಾತಾಯಿ. ಎಲ್ಲರೂ ನಕ್ಕರು. ಆ ನಗುವಿನಲ್ಲೇ ಭೂಪಾಲ ಬೆಳಗಾವಿಗೆ ಹೋಗಲು ಹೂಂ ಎಂದ.

ಬೆಳಗಾವಿಯ ಡಾಕ್ಟರು ಏನನ್ನೂ ಮುಚ್ಚಿಡಲಿಲ್ಲ.

“ಇದು ಮೆದುಳಿಗೆ ಹೋಗೂ ರಕ್ತದ ನಾಳ ಉಬ್ಬಿದ ಗಂಟು. ಒಡದ್ರ ಜೀವಾನ ಹೋಗತೈತಿ. ಕಟ್ಟಿದ್ರೂ ಒಂದು ಭಯ ಐತ್ರಿ. ಒಂದು ಓಣಿ ಮುಚ್ಚಿದ್ರ ಚಕ್ಕಡಿ ಬಾಜು ಓಣಿಯಿಂದ ಬರತೈತಲ್ಲ, ಹಂಗ ಒಂದು ನಾಳ ಕಟ್ಟಿದ್ರ ಮೆದುಳಿಗೆ ಬಾಜು ನಾಳದಿಂದ ರಕ್ತ ಬರತೈತಿ. ಆದ್ರ ಕೆಲವರ ತಲ್ಯಾಗ ಆ ಬಾಜು ಓಣಿ ಭಾಳ ಸಣ್ಣದು. ಕೆಲವರಿಗೆ ಇರೂದ ಇಲ್ಲ. ಹುಟ್ಟಿನಿಂದನ ಹಂಗ. ಅದು ಜಡ್ಡಲ್ಲ, ಯಾರ ಪಾಪಾನೂ ಅಲ್ಲ. ಹೊರಗಿಂದ ಮಾತ್ರ ಕಾಣಂಗಿಲ್ಲ.”

ನಾಳ ಕಟ್ಟಿದರು. ಗಾಯ ಚೆನ್ನಾಗಿಯೇ ಇತ್ತು. ಆದರೆ ಮರುದಿನ ಭೂಪಾಲನ ಬಲಗೈ ಏಳಲಿಲ್ಲ. ಅವ್ವಾ ಎನ್ನಲು ಬಾಯಿ ತೆರೆದರೆ ಮಾತು ಹೊರಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹೋಗಿಬಿಟ್ಟ.

ಡಾಕ್ಟರು ಕೈಮುಗಿದು ನಿಂತರು. “ಯಾಕ ಹಿಂಗಾತು ಅನ್ನೂದು ನನಗೂ ತಿಳೀಬೇಕ್ರಿ. ತಲಿ ಕೊಯ್ಯಂಗಿಲ್ಲ. ಇದ್ದ ಗಾಯದಾಗಿಂದನ ನಾಳ ಫೋಟೋದಾಗ ಕಾಣೂವಂಗ ಔಷಧ ತುಂಬಿ, ಎಲುಬು ಮುರದಾಗ ತಗೀತೀವಲ್ಲ, ಆ ಎಕ್ಸ್‌-ರೇ ಫೋಟೋ ತಗೀತೀನಿ. ಒಂದು ತಾಸು ಕೊಡ್ರಿ.”

ಒಂದು ತಾಸು ಎಂಬುದು ಪಕ್ಕದಲ್ಲಿದ್ದ ಸೊಸೆಗೆ ಕೇಳಿಸಿತು, ಅಕ್ಕಾತಾಯಿಯ ಕಿವಿಗೆ ಬೀಳಲೇ ಇಲ್ಲ.

“ಹೊತ್ತು ಹೋದಷ್ಟು ಹೆಣದಾಗ ಕಣ್ಣಿಗೆ ಕಾಣದ ಜೀವ ಹುಟ್ಟತಾವ. ದಹನ ತಡಾ ಮಾಡಿದ್ರ ಅವಕ್ಕೆಲ್ಲಾ ಹಿಂಸಾ. ನಾವು ಜೈನರು. ಕೂಡಂಗಿಲ್ಲ!”

ಡಾಕ್ಟರು ಮತ್ತೆ ಕೇಳಲಿಲ್ಲ. ದೇಹವನ್ನು ಅನಗೋಳದ ತಮ್ಮಣ್ಣನ ಮನೆಗೆ ತಂದು ಪಡಸಾಲೆಯಲ್ಲಿ ಮಲಗಿಸಿದರು. ಅಕ್ಕಾತಾಯಿಯ ಮೈದುನ ಬಾಪುಸಾಹೇಬ ಖಾನಾಪುರದಿಂದ ಬರಬೇಕಿತ್ತು. ರೈಲು ಬಂದಾಗ ಮಧ್ಯಾಹ್ನವಾಗಿತ್ತು. ಆಮೇಲೆ ಚಿತೆ ಹೊತ್ತಿತು.

ಊರಿಗೆ ಮರಳಿದ ಅಕ್ಕಾತಾಯಿ ಬಸದಿಗೆ ಬಂದವರೆದುರೆಲ್ಲ ಒಂದೇ ಮಾತು ಹೇಳತೊಡಗಿದಳು: “ಡಾಕ್ಟರ ಕೈ ತಪ್ಪಿತು. ನನ್ನ ಮಗನ್ನ ಕೊಂದ್ರು.” ಹೇಳಿ ಹೇಳಿ ಗಂಟಲು ಒಣಗಿತೇ ಹೊರತು ಎದೆ ಹಗುರಾಗಲಿಲ್ಲ.

ದೀಪಾವಳಿ ಕಳೆದ ಮೇಲೆ ತಮ್ಮಣ್ಣ ಬಂದ. ಅಕ್ಕಾತಾಯಿ ಮುಖ ತಿರುಗಿಸಿದಳು.

“ಯಾಕ ಬಂದಿ? ನಿನ್ನ ಮಾರಿ ನೋಡಿದ್ರ ಹೊಟ್ಯಾಗ ಬೆಂಕಿ ಬೀಳತೈತಿ.”

“ಬೀಳಲಿ ಅಕ್ಕಾರ. ಹೋಗು ಅಂತ ಅವಗ ಹೇಳಿದಾವ ನಾನ. ಅದ ಡಾಕ್ಟರು, ಅದ ಕೈ. ನಾ ಯಾಕ ಉಳದೆ, ಅಂವ ಯಾಕ ಹ್ವಾದ? ಕೇಳಿದ್ರ ಡಾಕ್ಟರು, ಫೋಟೋ ಇಲ್ಲದ ಏನ ಹೇಳ್ಲಿ ತಮ್ಮಣ್ಣ, ಅಂತಾರ. ಹಲಸಿ ಊರಿಂದ ಒಬ್ಬ ಹೆಣ್ಣಮಗಳು ಅಂಥಾದ ಗಂಟು ತಗೊಂಡು ಬಂದಾಳ. ಕಟ್ಟಬೇಕೋ ಬ್ಯಾಡೋ ಅಂತ ತಿಳೀದ ಡಾಕ್ಟರು ದಿನಾ ಮುಂದೂಡಾಕ ಹತ್ಯಾರ.”

“ನನ್ನ ಮಗನ ಒಂದು ಫೋಟೋದಿಂದ ಆಕಿಗೆ ಏನ ಆಗತಿತ್ತು?”

“ಒಂದರಿಂದ ಏನೂ ಆಗಂಗಿಲ್ಲ. ನೂರಾರು ತಲಿ ನೋಡಿದ್ರ, ಎಷ್ಟು ಮಂದಿಗೆ ಓಣಿ ಸಣ್ಣದು, ಎಲ್ಲಿ ಸಣ್ಣದು ಅಂತ ತಿಳದೀತಂತ. ನಾ ಸತ್ತ ಮ್ಯಾಲ ನಂದೂ ತಗೀರಿ ಅಂತ ಹೇಳಿ ಬಂದೀನಿ.”

“ನಿಮ್ಮ ಜಾತ್ಯಾಗ ಹೆಣಾ ಕುಂದರಿಸಿ ಹೂಳತಾರ. ತಲಿ ಕೊಟ್ಟು ಹೆಂಗ ಕುಂದರತಿ?”

“ತಲಿ ನನ್ನ ಕೂಡನ ಬರತೈತ್ರಿ. ಜೀವ ಇದ್ದಾಗ ಒಂದು ಫೋಟೋ ತಗಸಿಲ್ಲ, ಸತ್ತ ಮ್ಯಾಲರ ಪುಕ್ಕಟ ಆಗಲಿ!”

ಅಕ್ಕಾತಾಯಿ ನಗಲಿಲ್ಲ. “ನಿಮಗ ನಡೀತೈತಿ. ನಮ್ಮಲ್ಲೆ ತಡಾ ಮಾಡಾಕ ಬರಂಗಿಲ್ಲ,” ಎಂದಳು.

ಅಡುಗೆಮನೆಯ ಬಾಗಿಲಲ್ಲಿ ಭೂಪಾಲನ ಹೆಂಡತಿ ರಾಜಮತಿ ನಿಂತಿದ್ದಳು. ಗಂಡ ಹೋದಾಗಿನಿಂದ ಅತ್ತೆಯ ಮಾತಿಗೆ ಎದುರಾಡಿದವಳಲ್ಲ.

“ಅತ್ತಿ, ಬಾಪುಸಾಹೇಬ ಕಾಕಾ ಬರೂ ತನಕ ಮಧ್ಯಾಹ್ನದ ಮಟಾ ಕಾದ್ವಲ್ರಿ. ಅವಾಗ ಜೀವ ಹುಟ್ಟಲಿಲ್ಲೇನ್ರಿ?”

ಅಕ್ಕಾತಾಯಿ ಸೊಸೆಯನ್ನೇ ನೋಡಿದಳು. ಆಮೇಲೆ ಕೇಳಿದಳು: “ಡಾಕ್ಟರು ಎಷ್ಟ ಹೊತ್ತು ಬೇಕಂದಿದ್ರು?”

“ಒಂದ ತಾಸು.”

ಬಳಗಕ್ಕಾಗಿ ಅರ್ಧ ದಿನ ಕಾದಿದ್ದರು. ಮಗನಿಗೇನಾಯಿತೆಂದು ತಿಳಿಯಲು ಒಂದು ತಾಸು ಕಾಯಲಿಲ್ಲ. ಅಕ್ಕಾತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಇಷ್ಟು ದಿನ ಡಾಕ್ಟರ ಮೇಲಿನ ಸಿಟ್ಟಿನಲ್ಲಿ ತಡೆದಿದ್ದ ಅಳು ಅದು.

ಮರುದಿನವೇ ಅವಳು ಸೊಸೆಯನ್ನೂ ಬಾಪುಸಾಹೇಬನನ್ನೂ ಕರೆದುಕೊಂಡು ಬೆಳಗಾವಿಗೆ ಹೋದಳು.

“ಸಾಹೇಬರ, ಭೂಪಾಲನ್ನ ಹಡದಾಕಿ ನಾನು. ನಾ ಸತ್ತಾಗ ನನ್ನ ತಲಿ ನೋಡ್ರಿ. ಅವಂದು ಹೆಂಗಿತ್ತಂತ ತಿಳದೀತು.”

ಡಾಕ್ಟರು ತಲೆ ತಗ್ಗಿಸಿದರು. “ತಾಯಿಯಂಗ ಮಗಂದೂ ಇರತೈತಿ ಅಂತ ಹೇಳಾಕ ಬರಂಗಿಲ್ಲವಾ. ಮುಂದ ಬರಾವ್ರಿಗೆ ಉಪಯೋಗ ಆದೀತು.”

“ಆತು, ಅವರಿಗರ ಆಗಲಿ,” ಎಂದ ಅಕ್ಕಾತಾಯಿ ಮೈದುನನ ಕಡೆ ತಿರುಗಿದಳು. “ಜಡ್ಡು ಬಿದ್ರ ನನ್ನ ಬೆಳಗಾವಿಗೆ ತರ್ರಿ. ಜೀವ ಹೋದಕೂಡ್ಲೆ ಮೊದಲ ಡಾಕ್ಟರಿಗೆ ಹೇಳಿ ಕಳಸ್ರಿ. ಬಳಗಕ್ಕ ಆಮ್ಯಾಲ.”

ಬಾಪುಸಾಹೇಬ ಒಪ್ಪಿದ. ರಾಜಮತಿ, “ನಂದೂ ಹಂಗ ಮಾಡ್ರಿ,” ಎಂದಳು.

ಓದುವ, ಓದಿಸಿ ಕೇಳುವ ಅಣ್ಣಂದಿರೇ, ಅಕ್ಕಂದಿರೇ, ಈ ಮಾತನ್ನು ಮನೆಯಲ್ಲಿ ಎಲ್ಲರೂ ಗಟ್ಟಿಯಾಗಿರುವಾಗಲೇ ಆಡಿಕೊಳ್ಳಿ. ದುಃಖದ ಹೊತ್ತಿನಲ್ಲಿ ಕಿವಿ ಕೇಳಿಸುವುದಿಲ್ಲ. ಡಾಕ್ಟರು ಕೇಳಿದರೆ ತಕ್ಷಣ ಒಲ್ಲೆ ಎನ್ನಬೇಡಿ. ಏನು ಮಾಡುತ್ತೀರಿ, ಎಷ್ಟು ಹೊತ್ತು ಹಿಡಿಯುತ್ತದೆ, ದೇಹವನ್ನು ಹೇಗೆ ಮರಳಿ ಕೊಡುತ್ತೀರಿ ಎಂದು ಕೇಳಿ. ಮನಸ್ಸು ಒಪ್ಪಿದರೆ ಕೊಡಿ. ಒಪ್ಪದಿದ್ದರೆ ಯಾರೂ ಬಲವಂತ ಮಾಡಬಾರದು.

ದೂರದ ಪರದೇಶದಲ್ಲಿ ಬದುಕಿರುವವರ ತಲೆಯ ನಾಳಗಳನ್ನೂ ಹೀಗೆ ಫೋಟೋದಲ್ಲಿ ನೋಡಲು ಆರಂಭಿಸಿದ್ದಾರಂತೆ. ಅದು ನಮ್ಮ ಕಡೆಗೆ ಎಂದು ಬರುತ್ತದೆಯೋ ಗೊತ್ತಿಲ್ಲ. ಒಬ್ಬರ ತಲೆಯಲ್ಲಿ ನಾಳಗಳು ಹಾಗೆ, ಇನ್ನೊಬ್ಬರಲ್ಲಿ ಹೀಗೆ ಏಕೆ ಹುಟ್ಟುತ್ತವೆ ಎಂಬುದು ಡಾಕ್ಟರಿಗೂ ಗೊತ್ತಿಲ್ಲ. ಭೂಪಾಲನ ತಲೆಯಲ್ಲಿ ಆ ಬಾಜು ಓಣಿ ಇತ್ತೋ ಇರಲಿಲ್ಲವೋ, ಅದೂ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ.