ಬೆವರದ ಕಾಲು

ಮತ್ತೆ ನೀರು ಬಿತ್ತು. ಒಲೆಯ ಮೇಲಿನ ಕಾದ ಕಲ್ಲುಗಳು ಚೊಂಯ್ ಎಂದವು. ಉಗಿ ಬಂದು ಕಿವಿ ಕಚ್ಚಿತು.

"ಏನ್ ಭಾವ, ಇವತ್ತು ಕೆಳಗಿನ ಹಲಗೇಲಿ? ಅದು ಮಕ್ಕಳ ಜಾಗ." ಮೇಲಿನ ಹಲಗೆಯಿಂದ ರೇಯೊನ ಹೆಂಡತಿಯ ತಮ್ಮ ಓಯ್ವ ಕೆಣಕಿದ.

"ಇಲ್ಲೇ ಹಿತ," ಎಂದ ರೇಯೊ. ಹತ್ತುವಾಗ ಮೆಟ್ಟಿಲು ಕಾಲಿಗೆ ತಿಳಿಯುವುದಿಲ್ಲ ಎಂದು ಹೇಳಲಿಲ್ಲ.

ಕೆರೆದಂಡೆಯ ಮರದ ಕೋಣೆ, ಶನಿವಾರದ ಉಗಿಸ್ನಾನದ ಸೌನಾ. ಭೂಗೋಳದ ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ಅವನು ಮನುಷ್ಯರ ಪಕ್ಕ ಕೂರುವುದು ಇಲ್ಲೊಂದೇ ಕಡೆ. ಸಕ್ಕರೆ ಕಾಯಿಲೆ ಪಾದದ ಅರಿವನ್ನು ತಿಂದುಹಾಕಿದೆಯೆಂದು ಗೊತ್ತಾದರೆ ಹೆಂಡತಿ ಸಿರ್ಕ ಇದಕ್ಕೂ ಬೀಗ ಹಾಕುತ್ತಾಳೆ. ಕಣ್ಣು ಮುಚ್ಚಿಸಿ ಅಂಗಾಲು ಮುಟ್ಟಿದ ನರ್ಸಿಗೂ ಅವನು ಊಹೆಯ ಮೇಲೆ "ಹೂಂ, ಹೂಂ" ಎಂದಿದ್ದ.

ಎದೆಯಿಂದ, ತೊಡೆಯಿಂದ ಬೆವರು ಇಳಿಯುತ್ತಿತ್ತು. ಮೊಣಕಾಲಿನ ಕೆಳಗೆ ಒಂದು ಹನಿಯೂ ಹುಟ್ಟುತ್ತಿರಲಿಲ್ಲ. ಒಣಗಿ ಹೊಳೆಯುವ ಚರ್ಮ, ಕಂದು ಮಚ್ಚೆ, ಬಿರಿದ ಹಿಮ್ಮಡಿ. ಯಾರದೋ ಕಾಲು ತಂದು ತನಗೆ ಜೋಡಿಸಿದಂತೆ.

"ಮೇಷ್ಟ್ರೇ, ಕಾಲ ಮೇಲೆ ಯಾವ ದೇಶದ ನಕ್ಷೆ ಬರ್ಕೊಂಡಿದ್ದೀರಿ?"

"ಯಾರೂ ಹೋಗದ ದೇಶ."

ಓಯ್ವ ನಕ್ಕ. ಆಮೇಲೆ ಮೂಗರಳಿಸಿದ. "ಸಾಸೇಜ್ ಸೀದುಹೋಗ್ತಿದೆ ಭಾವ."

ರೇಯೊಗೂ ವಾಸನೆ ಹತ್ತಿತು. ಬಾಯಲ್ಲಿ ನೀರೂರಿತು. "ತಿರುಗಿಸಿ ಹಾಕು. ಹಸಿವಾಗ್ತಿದೆ."

"ನಾನೆಲ್ಲಿ ಇಟ್ಟೆ? ನೀವಲ್ವಾ ಕಲ್ಲಿನ ಮೇಲೆ ಸುಡೋಕೆ ಇಟ್ಟಿದ್ದು?"

"ನಾನಿಟ್ಟಿಲ್ಲ."

ಬಾಗಿಲ ಗಾಜಿನಾಚೆ, ಹೊರಕೋಣೆಯ ಮೇಜಿನ ಮೇಲೆ, ಸಾಸೇಜ್ ಪೊಟ್ಟಣ ಬಿಚ್ಚದೆ ಬಿದ್ದಿತ್ತು.

ಇಬ್ಬರೂ ಅದನ್ನೇ ನೋಡಿದರು. ವಾಸನೆ ಮಾತ್ರ ನಿಲ್ಲಲಿಲ್ಲ.

"ಭಾವ." ಓಯ್ವನ ದನಿ ಬದಲಾಗಿತ್ತು. "ಕಾಲು. ಕಾಲು ತೆಗೀರಿ!"

ರೇಯೊ ನೋಡಿದ. ಚಾಚಿದ ಬಲಗಾಲಿನ ಅಂಗಾಲು ಒಲೆಯ ಕಬ್ಬಿಣಕ್ಕೆ ಹಾಯಾಗಿ ಒರಗಿಕೊಂಡಿತ್ತು. ಕೈಯಿಂದ ಹಿಡಿದು ಎಳೆದುಕೊಂಡ.

ಓಯ್ವ ಹಲ್ಲು ಕಚ್ಚಿ, ತನ್ನದೇ ಅಂಗಾಲನ್ನು ಗಟ್ಟಿಯಾಗಿ ಅದುಮಿಕೊಂಡ. ನೋವು ಬಂದಿತ್ತು, ವಿಳಾಸ ತಪ್ಪಿ. ರೇಯೊ ಆ ಮುಖವನ್ನು ಅಸೂಯೆಯಿಂದ ನೋಡಿದ.

"ನೋಯ್ತಿಲ್ವಾ?"

"ನೋಯುತ್ತೆ." ಎಷ್ಟು ಹೊತ್ತು ಬಿಟ್ಟು ನರಳಬೇಕೆಂದು ಅವನಿಗೆ ತಿಳಿಯಲಿಲ್ಲ. "ನಿಮ್ಮಕ್ಕಂಗೆ ಹೇಳ್ಬೇಡ."

ಹೊರಗಿನಿಂದ ಸಿರ್ಕಳ ದನಿ ಬಂತು. "ಏನ್ರೀ ಅದು, ಅಂಗಳದವರೆಗೂ ಸೀದ ವಾಸನೆ? ಏನ್ ಸುಡ್ತಿದ್ದೀರಾ ಇಬ್ರೂ?"

ಓಯ್ವ ಭಾವನ ಮುಖ ನೋಡಿದ. ಭಾವ ಒಲೆ ನೋಡುತ್ತಿದ್ದ.

ಕಬ್ಬಿಣದ ಮೇಲೆ ಎಲೆಯಷ್ಟಗಲದ ಚರ್ಮ ಉಳಿದುಕೊಂಡಿತ್ತು. ಕಾಲು ಮಾಡದೇ ಹೋದದ್ದನ್ನು ಅದು ಈಗ ಮಾಡುತ್ತಿತ್ತು: ಬಿಸಿ ತಾಳಲಾರದೆ, ಅಂಚಿನಿಂದ, ಮೆಲ್ಲಗೆ ಮುದುಡಿಕೊಳ್ಳುತ್ತಿತ್ತು.