ಎರಡೂ ಬಾಗಿಲಿಗೆ ಬೀಗ

ನಗರಸಭೆಯ ಅಧ್ಯಕ್ಷೆ ಮೂಲತಃ ದರ್ಜಿ. ಹೊಲಿಗೆ ಅಂಗಡಿ ಇಟ್ಟುಕೊಂಡು ತನ್ನ ಪಾಡಿಗೆ ತಾನಿದ್ದವಳನ್ನು ವಾರ್ಡಿನವರು ಬಲವಂತವಾಗಿ ಚುನಾವಣೆಗೆ ನಿಲ್ಲಿಸಿದ್ದರು. ಗೆದ್ದ ಮೇಲೆ ಅಧ್ಯಕ್ಷರ ಕುರ್ಚಿ ತಾನಾಗಿಯೇ ಬಂತು. ಅಷ್ಟು ಹೊತ್ತಿಗೆ ಅದರಲ್ಲಿ ಕೂರಲು ಬೇರೆ ಯಾರೂ ತಯಾರಿರಲಿಲ್ಲ. ಗಾಜಿನ ಕಾರ್ಖಾನೆ ಮುಚ್ಚಿದಂದಿನಿಂದ ಊರು ದಿವಾಳಿಯೆದ್ದಿತ್ತು. ಬೀದಿದೀಪಗಳ ಕರೆಂಟು ಕಿತ್ತಾಗಿತ್ತು. ಇನ್ನು ನೀರೆತ್ತುವ ಪಂಪಿನದೂ ಕೀಳುತ್ತೇವೆ ಎಂದು ವಿದ್ಯುತ್ ಕಂಪನಿಯವರು ಹೇಳಿ ಹೋಗಿದ್ದರು. ಪಕ್ಕದ ಮಹಾನಗರ ಮಾತ್ರ, ನಮ್ಮೊಳಗೆ ಸೇರಿಬಿಡಿ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ ಎನ್ನುತ್ತಿತ್ತು.

ಸೇರಬೇಕೋ ಬೇಡವೋ ಎಂದು ತೀರ್ಮಾನಿಸಲು ಸಭೆ ಕರೆದ ದಿನ, ಸದಸ್ಯರೆಲ್ಲ ಬಂದು ಕೂತ ಮೇಲೆ ಮುಂಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದ ಸದ್ದಾಯಿತು. ಹಾಕಿದವರು ಅಂಗಡಿಕಾರರು. ಮಹಾನಗರದ ತೆರಿಗೆ ಬಂದರೆ ತಾವು ಬಾಗಿಲು ಮುಚ್ಚಿ ಹೋಗಬೇಕಾದೀತು ಎಂಬ ಭಯ ಅವರದು. ಬೇಡ ಎಂದು ನಿರ್ಣಯವಾದರೆ ಮಾತ್ರ ಬೀಗ ತೆಗೆಯುತ್ತೇವೆ ಎಂದು ಕಿಟಕಿಯಿಂದ ಹೇಳಿದರು. ಜವಾನ ಹಿಂಬಾಗಿಲಿಗೆ ಓಡಿದ. ಅಲ್ಲಿ ಆಗಲೇ ಇನ್ನೊಂದು ಬೀಗ ಬಿದ್ದಿತ್ತು. ಅದು ನಗರಸಭೆಯ ಕಾರ್ಮಿಕರದು. ಸಂಬಳದ ಮುಖ ನೋಡದೆ ಬೇಸತ್ತಿದ್ದ ಅವರು, ಸೇರುತ್ತೇವೆ ಎಂದು ನಿರ್ಣಯವಾಗುವ ತನಕ ಒಬ್ಬರನ್ನೂ ಬಿಡುವುದಿಲ್ಲ ಎಂದು ಮೆಟ್ಟಿಲ ಮೇಲೆ ಕೂತಿದ್ದರು.

"ನಮ್ಮನ್ನ ಬಿಡಬಾರದು ಅನ್ನೋದ್ರಲ್ಲಿ ಊರಿಗೆ ಊರೇ ಒಂದಾಗಿದೆ," ಎಂದ ಔಷಧಿ ಅಂಗಡಿಯ ಸದಸ್ಯ.

ಹಿಂಬಾಗಿಲ ಕೀಲಿ ಇದ್ದದ್ದು ಅಧ್ಯಕ್ಷೆಯ ಗಂಡನ ಬಳಿ. ಅವನು ನಗರಸಭೆಯ ನೀರಿನ ಟ್ಯಾಂಕರ್ ಓಡಿಸುವವನು, ಕಾರ್ಮಿಕರ ಮುಂದಾಳು. ಬೆಳಿಗ್ಗೆ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಬಂದಿದ್ದರು. ದಾರಿಯುದ್ದಕ್ಕೂ ಹೊಸ ಟೈರಿನ ಮಾತಾಡಿದವನು ಬೀಗದ ಸುದ್ದಿ ಎತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸಭಾಂಗಣ ಬೆಂದುಹೋಯಿತು. ಪೊಲೀಸರಿಗೆ ಫೋನ್ ಮಾಡಿದರೆ, ಮೇಲಿನವರನ್ನು ಕೇಳಿ ಹೇಳುತ್ತೇವೆ ಎಂದರು. ಸದಸ್ಯರು ಕೋಟು ಕಳಚಿ, ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ಮಹಾನಗರದಿಂದ ಬಂದಿದ್ದ ಅಧಿಕಾರಿಯೂ ಒಳಗೇ ಸಿಕ್ಕಿಬಿದ್ದಿದ್ದರು. ಸಕ್ಕರೆ ಕಾಯಿಲೆಯ ಮನುಷ್ಯ. ಹೊತ್ತಿಗೆ ಸರಿಯಾಗಿ ಊಟವಿಲ್ಲದೆ ಕೈ ನಡುಗಲು ಶುರುವಾಗಿತ್ತು. ಅಧ್ಯಕ್ಷೆ ಅವರನ್ನು ತನ್ನ ಕೋಣೆಗೆ ಕರೆದುಕೊಂಡು ಹೋಗಿ ತನ್ನ ಡಬ್ಬಿ ಬಿಚ್ಚಿಕೊಟ್ಟಳು. ಅವರು ತಲೆ ಎತ್ತದೆ ತಿಂದರು. ತಿಂದು ಮುಗಿಸಿ, ಕರವಸ್ತ್ರದಿಂದ ಬಾಯಿ ಒರೆಸಿಕೊಳ್ಳುತ್ತಾ ಬಾಗಿಲ ಕಡೆ ನೋಡಿದರು.

"ಮೇಡಂ, ನಿಮ್ಮ ಊಟ ತಿಂದು ಸುಮ್ಮನಿರೋಕೆ ಮನಸ್ಸು ಬರ್ತಿಲ್ಲ. ಗುಡಿಸೋವ್ರು, ಚರಂಡಿಯವ್ರು, ನರ್ಸುಗಳು, ಇವರನ್ನೆಲ್ಲ ನಾವು ತಗೋತೀವಿ. ಅದು ನಿಜ. ಆದ್ರೆ ಡ್ರೈವರುಗಳನ್ನ ತಗೊಳಲ್ಲ. ನಮ್ಮಲ್ಲಿ ವಾಹನದ ಕೆಲಸವೆಲ್ಲ ಗುತ್ತಿಗೆದಾರರದು."

"ಒಬ್ಬರನ್ನೂ?"

"ಒಬ್ಬರನ್ನೂ ಇಲ್ಲ. ಟ್ಯಾಂಕರಂತೂ ಬೇಕಾಗೇ ಇಲ್ಲ, ಪೈಪ್ ಹಾಕ್ತೀವಲ್ಲ."

"ಇದನ್ನ ಹೊರಗೆ ಕೂತವರಿಗೆ ಹೇಳಿದೀರಾ?"

"ಹೇಳಿದ್ರೆ ಅವರು ಹಿಂಬಾಗಿಲಲ್ಲಿ ಕೂರ್ತಿದ್ರಾ ಮೇಡಂ?"

ಹಿಂಬದಿಯಲ್ಲಿ ಸಾಮಾನು ಕೋಣೆಗೆ ಒಂದು ಸಣ್ಣ ಕಿಟಕಿಯಿತ್ತು, ಕಬ್ಬಿಣದ ಸರಳಿನದು. ಅವಳು ಹಳೆಯ ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಹೋಗಿ ಗಂಡನನ್ನು ಮೆಲ್ಲಗೆ ಕರೆದಳು. ಅವನು ಬಂದ. ಮುಖದಲ್ಲಿ ಸ್ವಲ್ಪ ನಾಚಿಕೆಯಿತ್ತು.

"ಬೀಗದ ವಿಷಯ ನಿಂಗೆ ಮೊದಲೇ ಹೇಳಿದ್ರೆ ನೀನು ಬೇಡ ಅಂತಿದ್ದೆ. ಅದಕ್ಕೇ ಹೇಳಲಿಲ್ಲ. ಊಟ ಆಯ್ತಾ?"

"ಊಟದ ಮಾತು ಬಿಡ್ರೀ. ಇಲ್ಲಿ ಕೇಳಿ. ಡ್ರೈವರುಗಳನ್ನ ಅವರು ತಗೊಳಲ್ವಂತೆ."

ಅವನು ಮೊದಲು ನಂಬಲಿಲ್ಲ. ಯಾರು ಹೇಳಿದ್ದು, ಯಾವಾಗ ಹೇಳಿದ್ದು ಎಂದು ಕೇಳಿದ. ಅವಳು ಹೇಳಿದಳು. ಅವನು ಸರಳು ಹಿಡಿದು ನಿಂತುಬಿಟ್ಟ. ಅವನ ಹಿಂದೆ ಮೆಟ್ಟಿಲ ಮೇಲೆ ಗುಡಿಸುವ ಹೆಂಗಸರು ಒಂದೇ ಬಾಟಲಿಯ ನೀರನ್ನು ಸರದಿಯಲ್ಲಿ ಕುಡಿಯುತ್ತಿದ್ದರು. ಅತ್ತ ಕಡೆ ನೆರಳಿನಲ್ಲಿ ಕಸದ ಲಾರಿಯ ಡ್ರೈವರುಗಳು ಏನೋ ಹೇಳಿಕೊಂಡು ನಗುತ್ತಿದ್ದರು.

"ಇದನ್ನ ನಂಗ್ಯಾಕೆ ಹೇಳಿದೆ?" ಎಂದ.

"ಮತ್ಯಾರಿಗೆ ಹೇಳಲಿ?"

"ನಾನು ಹೋಗಿ ಅವರಿಗೆ ಹೇಳಿದ್ರೆ ಡ್ರೈವರುಗಳು ಬೇರೆ, ಉಳಿದವ್ರು ಬೇರೆ ಅಂತ ಇಲ್ಲೇ ಎರಡು ಗುಂಪಾಗ್ತಾರೆ. ನೀನು ಒಳಗೆ ಬೇಡ ಅನ್ನಬೇಕಾಗುತ್ತೆ."

"ಬೇಡ ಅಂದ್ರೆ ಪಂಪು ನಿಲ್ಲುತ್ತೆ. ನಿಮ್ಮ ಟ್ಯಾಂಕರಿಗೆ ತುಂಬೋಕೂ ನೀರಿರಲ್ಲ."

"ಗೊತ್ತು ಕಣೆ," ಎಂದ. ಜೇಬಿನಿಂದ ಕೀಲಿ ತೆಗೆದ, ನೋಡಿದ, ಮತ್ತೆ ಜೇಬಿಗೆ ಹಾಕಿಕೊಂಡ. "ನೀನು ಬಂದಿದ್ದನ್ನ ಯಾರೂ ನೋಡಿಲ್ಲ. ಹೋಗು."

ಅವನು ಮೆಟ್ಟಿಲ ಕಡೆ ನಡೆದ. ಡ್ರೈವರುಗಳಲ್ಲೊಬ್ಬ ಏನೋ ಕೇಳಿದ್ದಕ್ಕೆ ಅವನು ಕೈಯಾಡಿಸಿ, ಏನಿಲ್ಲ ಎಂದದ್ದು ಅವಳಿಗೆ ಕೇಳಿಸಿತು.

ಸಭೆ ಮತ್ತೆ ಶುರುವಾಯಿತು. ಕೈ ಎತ್ತಿಸಿದಾಗ ಸೇರಬೇಕು ಎನ್ನುವವರು, ಬೇಡ ಎನ್ನುವವರು ಸಮಸಮವಾದರು. ಔಷಧಿ ಅಂಗಡಿಯ ಸದಸ್ಯ ಬೇಡ ಎಂದಿದ್ದ. ಎಲ್ಲರೂ ಅಧ್ಯಕ್ಷೆಯ ಕಡೆ ತಿರುಗಿದರು. ಗೋಡೆಯ ಮೇಲೆ ಹಿಂದಿನ ಅಧ್ಯಕ್ಷರ ಫೋಟೋಗಳು ಸಾಲಾಗಿ ತೂಗುತ್ತಿದ್ದವು, ಊರು ಚೆನ್ನಾಗಿದ್ದಾಗ ಅಧಿಕಾರ ಮಾಡಿ ಸುಖವಾಗಿ ಮನೆಗೆ ಹೋದವರು. ಅವರ ಮೇಲೆ ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಎದ್ದು ಹೋಗೋಣವೆಂದರೆ ಹೋಗಲು ಬಾಗಿಲಿಲ್ಲ.

"ಸೇರೋಣ," ಎಂದಳು. ದನಿ ಎಷ್ಟು ಸಣ್ಣಗಿತ್ತೆಂದರೆ ಗುಮಾಸ್ತ ಇನ್ನೊಮ್ಮೆ ಕೇಳಿದ. ಅವಳು ಇನ್ನೊಮ್ಮೆ ಹೇಳಬೇಕಾಯಿತು.

ಸುದ್ದಿ ಹೊರಬಿದ್ದ ಕೂಡಲೇ ಮುಂದಿನ ಕಿಟಕಿಗೆ ಒಂದು ಕಲ್ಲು ಬಂದು ಗಾಜು ಚೂರಾಯಿತು. ಹಿಂಬಾಗಿಲು ತೆರೆಯಿತು. ಬೇಡ ಎಂದು ಕೈ ಎತ್ತಿದವರೇ ಎಲ್ಲರಿಗಿಂತ ಮೊದಲು ಅದರಿಂದ ಜಾಗ ಖಾಲಿ ಮಾಡಿದರು. ಹೆಂಗಸರು ಅಧ್ಯಕ್ಷೆಯ ಕೈ ಹಿಡಿದುಕೊಂಡು, "ನಮ್ಮ ಮಕ್ಕಳ ಹೊಟ್ಟೆ ತಣ್ಣಗಿಟ್ಟೆ ಅಕ್ಕಾ," ಎಂದರು. ಡ್ರೈವರುಗಳು ಅವಳ ಗಂಡನನ್ನು ಹೆಗಲ ಮೇಲೆ ಎತ್ತಿಕೊಂಡರು. ಇಳಿಸಿ, ಇಳಿಸಿ ಎಂದು ಅವನು ಹೇಳುತ್ತಲೇ ಇದ್ದ. ಅವರು ಕೇಳಲಿಲ್ಲ.

ಆಮೇಲೆ ಎಲ್ಲ ಅಧಿಕಾರಿ ಹೇಳಿದಂತೆಯೇ ಆಯಿತು. ಬೀದಿದೀಪ ಹತ್ತಿದವು. ರಸ್ತೆ ಅಗೆದು ಪೈಪ್ ಹಾಕಿದರು. ಕಾರ್ಮಿಕರಿಗೆ ಹೊಸ ಸಮವಸ್ತ್ರ ಬಂತು, ಯಾರ ಅಳತೆಗೂ ಹೊಂದದ್ದು. ಅಂಗಡಿಕಾರರ ಮನೆಗಳಿಂದ ಬಟ್ಟೆ ಬರುವುದು ನಿಂತುಹೋಗಿದ್ದರಿಂದ, ಆ ಸಮವಸ್ತ್ರಗಳನ್ನು ಸರಿಮಾಡುವುದೇ ಈಗ ಅವಳ ಕಸುಬಾಯಿತು. ಅಧ್ಯಕ್ಷೆ ಎಂದು ಕರೆಯುವವರಿರಲಿಲ್ಲ, ಆ ಹುದ್ದೆಯೇ ಇರಲಿಲ್ಲ. ಗಂಡ ಬೆಳಗಾದರೆ ಕೆಲಸ ಹುಡುಕಿಕೊಂಡು ಮಹಾನಗರಕ್ಕೆ ಹೋಗುತ್ತಿದ್ದ, ಸಂಜೆ ಬಂದು ಅವಳ ಅಂಗಡಿಯ ಬೆಂಚಿನ ಮೇಲೆ ಸುಮ್ಮನೆ ಕೂರುತ್ತಿದ್ದ. ಇಬ್ಬರೂ ಆ ದಿನದ ಮಾತೆತ್ತುತ್ತಿರಲಿಲ್ಲ.

ಒಂದು ಸಂಜೆ ಕಸದ ಲಾರಿಯ ಡ್ರೈವರೊಬ್ಬ ಅಂಗಡಿಗೆ ಬಂದ. ಗುಡಿಸುವ ಕೆಲಸದ ಹೆಂಡತಿಯ ಸಮವಸ್ತ್ರದ ಅಂಗಿಯ ತೋಳು ಗಿಡ್ಡ ಮಾಡಬೇಕಿತ್ತು. ಮಹಾನಗರದವರು ಅವಳನ್ನು ತಗೊಂಡಿದ್ದರು, ಇವನನ್ನು ಬಿಟ್ಟಿದ್ದರು. ಬಟ್ಟೆ ಕೊಟ್ಟ ಮೇಲೂ ಅವನು ಹೋಗದೆ, ಬೆಂಚಿನ ಮೇಲೆ ಕೂತಿದ್ದ ಗಂಡನ ಕಡೆ ತಿರುಗಿ ನಿಂತ.

"ಅಣ್ಣಾ, ಒಂದು ಕೇಳಲಾ? ನಮ್ಮನ್ನ ಬಿಡ್ತಾರೆ ಅಂತ ಅವತ್ತೇ ಮಾತಾಗಿತ್ತಂತೆ. ನಿಮಗೆ ಗೊತ್ತಿತ್ತಾ?"

ಅವಳು ಹೊಲಿಯುತ್ತಿದ್ದವಳು ತಲೆ ಎತ್ತಲಿಲ್ಲ.

"ಗೊತ್ತಿದ್ರೆ ನಾನ್ಯಾಕೆ ಸುಮ್ಮನಿರ್ತಿದ್ದೆ ಮಾರಾಯ? ನಂದೂ ಹೋಯ್ತಲ್ಲ," ಎಂದ ಗಂಡ.

"ಅದೂ ಹೌದು," ಎಂದ ಅವನು. "ನಾನೂ ಅದೇ ಹೇಳ್ದೆ ಉಳಿದ ಡ್ರೈವರುಗಳಿಗೆ. ಅಣ್ಣ ಅಂಥವನಲ್ಲ ಅಂತ." ಬೆಂಚಿನ ಮೇಲೆ ಜಾಗ ಮಾಡಿಕೊಂಡು ಗಂಡನ ಪಕ್ಕದಲ್ಲೇ ಕೂತ. ಅಂಗಿ ಆಗುವ ತನಕ ಇರುತ್ತೇನೆ, ಮನೆಯಲ್ಲಿ ಮಾಡುವಂಥದ್ದೇನಿಲ್ಲ ಎಂದ.

ಅವಳು ಅವನ ಹೆಂಡತಿಯ ಅಂಗಿಯನ್ನು ಎಲ್ಲಕ್ಕಿಂತ ಮೊದಲು ಕೈಗೆತ್ತಿಕೊಂಡಳು, ಅವನು ಬೇಗ ಎದ್ದು ಹೋಗಲೆಂದು.