ಪರಾಗನ ಕೈಯಿಂದ ಹೋದ ಕೆಲಸ

ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ, ಔಷಧಿ ಅಂಗಡಿಯೊಂದರ ಮೇಲಿನ ಮಜಲಿನಲ್ಲಿ ಪರಾಗನ ಆಫೀಸು. ಸುತ್ತಲಿನ ತಾಲೂಕುಗಳ ಸಣ್ಣ ದವಾಖಾನೆಗಳಲ್ಲಿ ತೆಗೆದ ಎಕ್ಸರೇ ಚಿತ್ರಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಬಂದ ಚಿತ್ರವನ್ನು ಕಂಪ್ಯೂಟರು ಮೊದಲು ನಿಚ್ಚಳ ಮಾಡಿ, ಸಂಶಯದ ಜಾಗಕ್ಕೆ ಗುರುತು ಹಾಕಿ ಡಾಕ್ಟರರಿಗೆ ದಾಟಿಸುತ್ತಿತ್ತು. ಅವರು ನೋಡಿ ರಿಪೋರ್ಟು ಬರೆಯುತ್ತಿದ್ದರು. ಆ ಕಂಪ್ಯೂಟರುಗಳು ಆಫೀಸಿನಲ್ಲಿ ಇರಲಿಲ್ಲ. ಕ್ಲೌಡಿನಲ್ಲಿ ಬಾಡಿಗೆಗೆ ಸಿಗುವ ಮಷೀನುಗಳು. ಬೇಕಾದಷ್ಟು ಹಿಡಿಯಬಹುದು, ಬೇಡವಾದಾಗ ಬಿಡಬಹುದು.

ಹಿಡಿಯುವುದು, ಬಿಡುವುದು, ಇದೇ ಪರಾಗನ ಕೆಲಸ. ಮುಂಜಾನೆ ದವಾಖಾನೆಗಳು ತುಂಬಿದವೆಂದರೆ ಚಿತ್ರಗಳು ಒಂದರ ಹಿಂದೊಂದು ಸಾಲುಗಟ್ಟುತ್ತಿದ್ದವು. ಅವನು ಸಾಲು ನೋಡುತ್ತ ಮಷೀನು ಏರಿಸುತ್ತಿದ್ದ. ಸಂಜೆ ಎಲ್ಲ ಖಾಲಿಯಾದ ಮೇಲೆ ಇಳಿಸುತ್ತಿದ್ದ. ತಂಗಿಯ ಲಗ್ನದಲ್ಲಿ ಅಕ್ಷತೆ ಹಿಡಿದ ಕೈಯಲ್ಲೇ ಫೋನೂ ಇತ್ತು. ಮನೆಯವರು ಬೈದರೂ ಅವನಿಗೆ ಒಳಗೊಳಗೇ ಹಿಗ್ಗು: ನಾನಿಲ್ಲದಿದ್ದರೆ ನಡೆಯುವುದಿಲ್ಲ.

ಅಂಥದರಲ್ಲಿ ವರದಾ ಬಂದಳು. ಇಪ್ಪತ್ತೈದರ ಹುಡುಗಿ, ಮಾತು ಕಡಿಮೆ. ಬಂದ ಕೆಲವೇ ತಿಂಗಳಲ್ಲಿ, ಸಾಲು ಉದ್ದವಾದರೆ ತಾನೇ ಮಷೀನು ಏರಿಸುವ, ಸಾಲು ಕರಗಿದರೆ ತಾನೇ ಇಳಿಸುವ ವ್ಯವಸ್ಥೆಯೊಂದನ್ನು ಬರೆದಳು. ಮಾಲಕ ಯೋಗಿರಾಜರಿಗೆ ಖುಷಿಯೋ ಖುಷಿ. ಪರಾಗ ಮಾತ್ರ ಹಲ್ಲು ಕಚ್ಚಿಕೊಂಡು ನಕ್ಕ. ಪರೀಕ್ಷೆಗೆಂದು ಅದನ್ನು ಎರಡು ಸಲ ನಡೆಸಿದರು. ಎರಡು ಸಲವೂ ಅವನು ಸುಮ್ಮನಿರಲಾರದೆ ನಡುವೆ ಕೈಹಾಕಿ ತಾನೇ ಮಷೀನು ಏರಿಸಿಬಿಟ್ಟ. ವರದಾಳ ಲೆಕ್ಕವೆಲ್ಲ ಕಲಸಿಹೋಯಿತು.

"ಪರಾಗ, ಸೋಮವಾರ ಮತ್ತ ಪರೀಕ್ಷಾ ಮಾಡೂಣು, ನೀ ಆಫೀಸಿಗೆ ಬರಬ್ಯಾಡ," ಅಂದರು ಯೋಗಿರಾಜ. "ಅಕ್ಕಲಕೋಟಕ್ಕ ಹೋಗು. ದವಾಖಾನಿಯೊಳಗ ಕುಂತು ರಿಪೋರ್ಟ ಹ್ಯಾಂಗ ಬರ್ತಾವ ನೋಡು. ಲ್ಯಾಪ್‌ಟಾಪ ಇಲ್ಲೇ ಇಡು."

ಅವನಿಗೆ ಮುಖಕ್ಕೆ ಹೊಡೆದಂತಾಯಿತು. ಆದರೂ ಹೋದ.

ಅಕ್ಕಲಕೋಟದ ಆ ಖಾಸಗಿ ದವಾಖಾನೆಯ ಹೆಸರು ಅವನ ಪರದೆಯ ಮೇಲೆ ದಿನವೂ ಬರುತ್ತಿತ್ತು. ಕಣ್ಣಾರೆ ನೋಡಿದ್ದು ಮಾತ್ರ ಅಂದೇ. ಎಕ್ಸರೇ ಕೋಣೆಯ ಹೊರಗೆ ಉದ್ದನೆಯ ಬೆಂಚು, ಅದರ ಮೇಲೆ ಜನ. ಎಕ್ಸರೇ ತೆಗೆಯುವ ಕಾಜಲ ಅವನಿಗೊಂದು ಸ್ಟೂಲು ಕೊಟ್ಟಳು. ಹನ್ನೊಂದರ ಹೊತ್ತಿಗೆ ಗದ್ದಲ ಏರಿತು. ರಿಪೋರ್ಟುಗಳು ಹೂವು ಎತ್ತಿದಷ್ಟು ಸಲೀಸಾಗಿ ಬರತೊಡಗಿದವು. ಪರಾಗನೇ ಕುಳಿತಿದ್ದರೂ ಇಷ್ಟು ಚುರುಕಾಗಿ ಬರುತ್ತಿರಲಿಲ್ಲ. ಇದು ಅವನಿಗೇ ಗೊತ್ತಾಯಿತು.

ಊಟದ ಹೊತ್ತಿಗೆ ಬೆಂಚು ಖಾಲಿಯಾಯಿತು. ಉಳಿದವಳು ನಾಗಣಸೂರಿನ ಸುಗಲಾಬಾಯಿ ಒಬ್ಬಳೇ. ಅರವತ್ತು ದಾಟಿದ ಹೆಂಗಸು. ದನದ ಕೊಟ್ಟಿಗೆಯಲ್ಲಿ ಕಾಲು ಜಾರಿ ಸೊಂಟದ ಮೇಲೆ ಬಿದ್ದಿದ್ದಳು. ಸ್ಟ್ರೆಚರಿನ ಮೇಲೆ ಮಲಗಿ ಸೊಸೆಯ ಕೈ ಹಿಡಿದಿದ್ದಳು.

"ಕಾಜಲ, ಈ ಆಯಿದು ರಿಪೋರ್ಟ ಯಾಕ ಬರವಲ್ದು?" ಪರಾಗ ಕೇಳಿದ.

"ಕಳಿಸಿ ಭಾಳ ಹೊತ್ತಾತ್ರಿ ಸರ್. ಇವರ ಹಿಂದ ಬಂದವರದೆಲ್ಲಾ ಬಂತು, ಇವರದಷ್ಟ ನಾಪತ್ತಾ."

ಪರಾಗ ಫೋನಿನಲ್ಲೇ ಸಾಲು ತೆರೆದು ನೋಡಿದ. ಸಾಲಿನಲ್ಲಿ ಯಾವ ಚಿತ್ರವೂ ಇರಲಿಲ್ಲ. ಮುಗಿದವುಗಳಲ್ಲಿ ಸುಗಲಾಬಾಯಿಯ ಹೆಸರೂ ಇರಲಿಲ್ಲ. ಚಿತ್ರ ಎಲ್ಲೋ ನಡುವೆ ಕಳೆದುಹೋಗಿತ್ತು.

ಅವನಿಗಾದದ್ದು ಬರೀ ಹೆದರಿಕೆಯಲ್ಲ, ಸುಳ್ಳೇಕೆ, ಸಂತೋಷವೂ ಅದರಲ್ಲಿತ್ತು. ಇಷ್ಟು ಸಾಕು. ಯೋಗಿರಾಜರಿಗೆ ಒಂದು ಫೋನು ಮಾಡಿ "ಸರ್, ಪೇಶಂಟ ಸ್ಟ್ರೆಚರ ಮ್ಯಾಲ ನರಳಾಕತ್ಯಾಳ" ಅಂದರೆ ವರದಾಳ ವ್ಯವಸ್ಥೆ ಇವತ್ತೇ ಮೂಲೆಗೆ ಬೀಳುತ್ತದೆ. ಅವನು ಫೋನಿನಲ್ಲಿ ಅವರ ಹೆಸರು ಹುಡುಕಿ ಅದರ ಮೇಲೆ ಬೆರಳು ತಂದ.

"ತಮ್ಮಾ," ಸುಗಲಾಬಾಯಿ ಕರೆದಳು. "ನೀ ಆ ಕಂಪನಿಯವನಂತಲ್ಲ? ಎಲಬು ಮುರದಿದ್ರ ಮುರದೈತಿ ಅಂತ ಹೇಳಿಬಿಡಪ್ಪಾ. ಗೊತ್ತಾಗದ ಮಲಗೂದು ಭಾಳ ತ್ರಾಸ ಆಗತೈತಿ."

ಪರಾಗ ಬೆರಳು ತೆಗೆದ. ಆಚೆ ಹೋಗಿ ವರದಾಳಿಗೆ ಫೋನು ಮಾಡಿದ.

ಮಾತು ಕೇಳಿದ ಕೂಡಲೇ ಅವಳು ಹೇಳಿದಳು: "ಸರ್, ಮೊದಲ ಆ ಆಯಿದು ಚಿತ್ರ ಮತ್ತ ಕಳಸ್ರಿ. ನೀವ ಕೈಲೆ ಒಂದು ಮಷೀನ ಹಚ್ಚರಿ. ಯಾಕ ಹಿಂಗಾತು ನಾ ಹುಡುಕ್ತೀನಿ."

ಪರಾಗ ಫೋನಿನಿಂದಲೇ ಮಷೀನು ಹಚ್ಚಿದ. ಕಾಜಲ ಚಿತ್ರವನ್ನು ಮತ್ತೆ ಕಳಿಸಿದಳು. ಚಹಾ ಕುಡಿಯುವಷ್ಟರಲ್ಲಿ ರಿಪೋರ್ಟು ಬಂತು: ಎಲುಬಿಗೆ ಕೂದಲೆಳೆಯಷ್ಟು ಬಿರುಕು, ಜಾಗ ಬಿಟ್ಟು ಸರಿದಿಲ್ಲ, ಆಪರೇಶನ್ ಬೇಕಾಗಲಿಕ್ಕಿಲ್ಲ. ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ವರದಾಳ ಫೋನು. "ಸಿಕ್ತರಿ. ಸಾಲ ಖಾಲಿ ಆತಂತ ನನ್ನ ವ್ಯವಸ್ಥಾ ಮಷೀನ ಇಳಸೇತಿ. ಆದ್ರ ಅದರೊಳಗ ಆ ಆಯಿ ಚಿತ್ರ ಇನ್ನೂ ನಡದಿತ್ತು. ಕೈಯಾಗಿನ ಕೆಲಸ ಮುಗಿಸೇ ಇಳೀಬೇಕಂತ ನಾ ಬರದೇ ಇಲ್ಲ. ತಪ್ಪು ನಂದರಿ."

"ನಾ ಎಂದೂ ಸಂಜಿತನಕ ಇಳಿಸಿದವನಲ್ಲ. ಹಂಗಾಗಿ ನನಗೂ ಇದು ಹೊಳೀಲಿಲ್ಲ ವರದಾ," ಎಂದ ಪರಾಗ.

ಒಳಗೆ ಬಂದಾಗ ಸುಗಲಾಬಾಯಿ ತಡವೇಕಾಯಿತೆಂದು ಕೇಳಿದಳು. ಅವನು ಸ್ಟ್ರೆಚರಿನ ಪಕ್ಕ ಕುಳಿತು ಹೇಳಿದ: "ಹುಣ್ಣಿಮಿ ಜಾತ್ರಿಗಿ ಮಂದಿ ಗರ್ದಿ ಆದ್ರ ಎಸ್‌.ಟಿ. ಬಸ್ಸಿನವರು ಹೆಚ್ಚಿಗಿ ಗಾಡಿ ಬಿಡ್ತಾರಲ್ರಿ ಆಯಿ, ಹಂಗ ನಮ್ಮಲ್ಲೂ ಗರ್ದಿ ಆದ್ರ ಜಾದಾ ಮಷೀನ. ಇವತ್ತ ಗರ್ದಿ ಕಡಿಮಿ ಆತಂತ ಒಂದು ಗಾಡಿ ಡೆಪೋಕ್ಕ ಹೋತು."

"ನನ್ನ ಒಳಗ ಕುಂಡ್ರಿಸ್ಕೊಂಡ?"

"ಹೌದ್ರಿ."

ಅವಳು ನಗಲು ಹೋಗಿ ನೋವಿಗೆ ಮುಖ ಕಿವುಚಿದಳು. ಮತ್ತೆ ನಕ್ಕಳು. "ಏಯ್, ನಗಸಬ್ಯಾಡೋ ಮಾರಾಯಾ!"

ಯೋಗಿರಾಜರ ಫೋನು ಬಂದಾಗ ಅವನು ಬಸ್ ಸ್ಟ್ಯಾಂಡಿನಲ್ಲಿದ್ದ. ವರದಾಳಿಂದ ಸುದ್ದಿ ಅವರಿಗೆ ಮುಟ್ಟಿತ್ತು.

"ನಿನ್ನ ಸಂಶಯನ ಖರೆ ಆತು ಪರಾಗ. ತಗದು ಒಗಿಯೂಣೇನು ಇದನ್ನ?"

ವರದಾ ಬಂದಾಗಿನಿಂದ ಅವನು ಕೇಳಬೇಕೆಂದಿದ್ದ ಮಾತು ಇದೇ.

"ಬ್ಯಾಡ್ರಿ ಸರ್," ಎಂದ. "ಮುಂಜಾನಿ ಗರ್ದಿಯೊಳಗ ಅದು ನನಕಿಂತ ಚಲೋ ನಡಸ್ತು. ಒಂದು ಕೊರತಿ ಐತಿ, ಅದನ್ನ ವರದಾ ಹಿಡದಾಳ. ಸರಿ ಮಾಡ್ಲಿ. ಅಲ್ಲೀತನಕ ನಾ ಆಕಿ ಜೋಡಿ ಕುಂದರ್ತೀನಿ, ಕೈ ಹಾಕೂದಿಲ್ಲ."

ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕುಳಿತ. ಒಳ್ಳೆಯವನಾದೆನೆಂಬ ಹಿಗ್ಗೇನೂ ಬರಲಿಲ್ಲ. ಏನೋ ಕೈತಪ್ಪಿ ಹೋದಂಥ ಸಂಕಟವೇ ಸೊಲ್ಲಾಪುರದವರೆಗೂ ಜೊತೆಗೆ ಬಂತು.

ವರದಾ ಕೊರತೆ ತುಂಬಿದಳು. ಈಗ ಮಷೀನು ಇಳಿಯುವ ಮುನ್ನ ಹೊಸ ಚಿತ್ರ ಹಿಡಿಯುವುದಿಲ್ಲ, ಹಿಡಿದದ್ದನ್ನು ಮುಗಿಸುತ್ತದೆ. ನಡುವೆ ಕೆಟ್ಟರೆ ಚಿತ್ರ ತಾನಾಗಿಯೇ ಮತ್ತೆ ಸಾಲಿಗೆ ಬರುತ್ತದೆ. ಮುಂದಿನ ಸೋಮವಾರ ಇಬ್ಬರೂ ಒಂದೇ ಪರದೆಯ ಮುಂದೆ ಕುಳಿತರು. ಮಷೀನುಗಳು ಏರಿದವು, ಇಳಿದವು, ಒಂದು ಚಿತ್ರವೂ ಕಳೆಯಲಿಲ್ಲ. ಪರಾಗನ ಕೈಗೆ ಕೆಲಸವಿರಲಿಲ್ಲ. ಸುಮ್ಮನೆ ಸಾಲಿನಲ್ಲಿ ಬರುವ ಹೆಸರುಗಳನ್ನು ಓದುತ್ತಿದ್ದ. ಅವುಗಳ ಹಿಂದೆ ಈಗ ಆ ಬೆಂಚೂ ಸ್ಟ್ರೆಚರೂ ಕಾಣುತ್ತಿದ್ದವು.

"ವರದಾ, ಮೊದಲ ಬಂದವರಿಗೆ ಮೊದಲ ಅಂತ ಯಾಕ ಇಟ್ಟೀ?"

"ಮತ್ತ ಹ್ಯಾಂಗ ಇಡಬೇಕ್ರಿ?"

"ಬಿದ್ದು ಬಂದವರು ಮುಂದ, ಬರೇ ತಪಾಸಣಿಗೆ ಬಂದವರು ಹಿಂದ."

"ಹಂಗ ಮಾಡಿದ್ರ ಗರ್ದಿ ದಿನ ಹಿಂದಿನವರ ಪಾಳಿ ಬರೂದ ಇಲ್ಲ ಸರ್."

"ಹ್ಯಾಂಗ ಬರೂದಿಲ್ಲ? ಕುರ್ಚಿ ಈಕಡಿ ಸರಸು, ತೋರಸ್ತೀನಿ."

ವರದಾ ಕುರ್ಚಿ ಸರಿಸಿದಳು. ಊಟದ ಹೊತ್ತು ಮೀರಿದರೂ ಅವರ ವಾದ ಮುಗಿಯಲಿಲ್ಲ.